ಸ್ಪೆಷಲ್ ರೂಮಿನ ಸರದಿ

"ನಿನ್ನ ತಂಗಿಯೇನು ಮಹಾರಾಣಿನಾ? ಬಾಯಿ ಮುಚ್ಕೊಂಡು ಆ ಕಡೆ ನಿಂತ್ಕೊಳ್ಳೇ!"

ರಕ್ತ ಕೊಡುವ ಕಿಟಕಿಯಿಂದ ಬಂದ ಬೈಗುಳಕ್ಕೆ ಆಯಾ ಕಿವಿಗೊಡಲಿಲ್ಲ. ಈ ಆಸ್ಪತ್ರೆಯ ಹೇಲು-ಉಚ್ಚೆ ಬಳಿದವಳಿಗೆ ಅದೇನು ಹೊಸದಲ್ಲ. ಆದರೆ ಜನರಲ್ ವಾರ್ಡಿನಲ್ಲಿ ಹೆತ್ತು ಮಲಗಿದ ತಂಗಿಗೆ ರಕ್ತಸ್ರಾವ ನಿಲ್ಲುತ್ತಿರಲಿಲ್ಲ. ಅವಳಿಗೆ ಹೊಂದುವ ರಕ್ತದ ಚೀಲ ಕಿಟಕಿಯ ಗುಮಾಸ್ತನ ಬೆನ್ನ ಹಿಂದಿನ ಫ್ರಿಜ್ಜಿನಲ್ಲೇ ಇತ್ತು. ಕಂಪ್ಯೂಟರ್ ಹ್ಞೂಂ ಅನ್ನದೆ ಅದನ್ನು ಯಾರೂ ಮುಟ್ಟುವಂತಿರಲಿಲ್ಲ.

"ಅಣ್ಣಾ, ಕಾಲಿಗೆ ಬೀಳ್ತೀನಿ, ಕೊಟ್ಟುಬಿಡು."

"ನನ್ನ ಕಾಲಿಗೆ ಬಿದ್ರೆ ಈ ಕಂಪ್ಯೂಟರ್ ಕೇಳುತ್ತಾ? ಯಾವ ವಾರ್ಡಿನೋರ ಮಾಹಿತಿ ಕೇಳಿದ್ದೀವಿ ಅಂತ ನೋಡಿ ಸರದಿ ಕೊಡುತ್ತೆ. ಸ್ಪೆಷಲ್ ವಾರ್ಡಿನೋರದ್ದು ಮೊದಲು, ನಿಮ್ಮದೆಲ್ಲ ಆಮೇಲೆ."

"ಅಲ್ಲಿ ಯಾರದಾದ್ರೂ ಜೀವ ಹೋಗ್ತಿದೆಯಾ?"

ಗುಮಾಸ್ತನ ದನಿ ಇಳಿಯಿತು. "ಇಲ್ಲ. ನಮ್ಮ ಆಸ್ಪತ್ರೆ ಸಾಹೇಬ್ರು ಆ ವಾರ್ಡಿನೋರ ಹಳೇ ದಾಖಲೆಯೆಲ್ಲ ತೆಗೆಸ್ತಿದಾರೆ. ಯಾರ ಹುಟ್ಟುಹಬ್ಬ ಯಾವತ್ತು ಅಂತ. ಶುಭಾಶಯ ಕಳಿಸಬೇಕಂತೆ."

ಆಯಾ ಮೆಟ್ಟಿಲು ಹತ್ತಿ ಸಾಹೇಬರ ಕೋಣೆಗೇ ನುಗ್ಗಿದಳು. ಪಾಪ, ಸಾಹೇಬರಿಗೆ ಕೈತುಂಬ ಕೆಲಸ. ಶುಭಾಶಯಕ್ಕೆ ಯಾವ ಹೂವಿನ ಚಿತ್ರ ಹಾಕುವುದೆಂದು ನೋಡುತ್ತಿದ್ದರು.

"ಯಾರು ಇವಳನ್ನ ಒಳಗೆ ಬಿಟ್ಟಿದ್ದು? ಥೂ, ಏನು ನಾತ!"

"ಸಾಮಿ, ಒಂದು ಗಳಿಗೆ ಆ ದಾಖಲೆ ತೆಗೆಸೋದನ್ನ ನಿಲ್ಸಿ. ನನ್ನ ತಂಗಿ ಸಾಯ್ತಾಳೆ."

"ಸ್ಪೆಷಲ್ ವಾರ್ಡಿನೋರ ಕೆಲಸ ಕಾಯಲ್ಲ. ನಿಮಗೇನು, ಕಾದು ಅಭ್ಯಾಸ ಇದೆಯಲ್ಲ. ನಡೀ."

ಕೆಳಗೆ ಬಂದಾಗ ತಂಗಿ ಬಿಳುಚಿಕೊಂಡಿದ್ದಳು. "ಅಕ್ಕಾ, ಚಳಿ ಕಣೇ," ಅಂದಳು. ಆಯಾ ತನ್ನ ಸೆರಗನ್ನೇ ಹೊದಿಸಿ ಅಂಗಾಲು ತಿಕ್ಕತೊಡಗಿದಳು. ಕೊನೆಗೂ ಸರದಿ ಬಂದು ಗುಮಾಸ್ತ ಚೀಲ ಹಿಡಿದು ಓಡೋಡಿ ಬಂದಾಗಲೂ ತಿಕ್ಕುತ್ತಲೇ ಇದ್ದಳು. ಕಾಲು ತಣ್ಣಗಾಗಿತ್ತು. ಪಕ್ಕದ ಮಂಚದವಳ ಮಡಿಲಲ್ಲಿ ಕೂಸು ಹಾಲಿಗಾಗಿ ಅಳುತ್ತಿತ್ತು.

"ಹೆಣ ಒಯ್ಯೋಕೆ ಚೀಟಿ ಬೇಕಮ್ಮ," ಅಂದಳು ನರ್ಸು, ಅವಳ ಮುಖ ನೋಡಲಾರದೆ. "ಕಂಪ್ಯೂಟರಿಂದ ಇನ್ನೂ ಬಂದಿಲ್ಲ. ಸ್ವಲ್ಪ ಕಾಯಬೇಕು."

ಆಯಾ ತಂಗಿಯನ್ನು ಎತ್ತಿ ತಳ್ಳುಗಾಡಿಗೆ ಹಾಕಿಕೊಂಡು ಲಿಫ್ಟಿನಲ್ಲಿ ಮೇಲೆ ಹೋದಳು. ಸ್ಪೆಷಲ್ ವಾರ್ಡಿನಲ್ಲಿ ಖಾಲಿಯಿದ್ದ ರೂಮಿನ ಬಾಗಿಲು ಒದ್ದು, ಬಿಳಿ ಹಾಸಿಗೆಯ ಮೇಲೆ ಅವಳನ್ನು ಮಲಗಿಸಿದಳು. ರಕ್ತ ಹಾಸಿಗೆಗೆ ಇಳಿಯಿತು.

ಸಾಹೇಬರು ಏದುಸಿರು ಬಿಡುತ್ತ ಓಡಿಬಂದರು. "ಲೇ ಬೇವರ್ಸಿ! ಈ ರೂಮು ಯಾರಿಗೆ ಗೊತ್ತೇನೇ?"

ಆಯಾ ತಂಗಿಯ ತಲೆಗೆ ದಿಂಬು ಸರಿಮಾಡಿದಳು.

"ಇವಳಿಗೆ ಕಣೋ, ಸೂಳೆಮಗನೆ. ಸ್ಪೆಷಲ್ ರೂಮು ಅಂತ ಬರ್ಕೋ. ಬರ್ಕೊಂಡು ಈಗ ಕೇಳು ನಿನ್ನ ಕಂಪ್ಯೂಟರನ್ನ, ನನ್ನ ತಂಗಿಗೆ ರಕ್ತ ಕೊಡ್ಲಾ ಅಂತ."