ಮಂಗಳವಾರದ ಹಂತಿ

ಪ್ರತಿ ಶನಿವಾರ ರೋಣದ ತಾಲೂಕು ಕಚೇರಿಗೆ ನಾನೊಂದು ತಖ್ತೆ ಕಳಿಸಬೇಕಾಗಿತ್ತು. ಮಳೆ ಎಷ್ಟು ಬಿತ್ತು, ಬೆಳೆ ಹೇಗಿದೆ, ಸುಗ್ಗಿ ಎಲ್ಲಿಗೆ ಬಂತು, ಮೇವು ಸಾಕೋ ಇಲ್ಲವೋ, ದನಕರುಗಳ ಸ್ಥಿತಿ ಏನು. ಐದು ಕಲಮು, ಐದು ಸಾಲು. ಕೊನೆಯ ಕಲಮಿನಲ್ಲಿ ‘ಸಮಾಧಾನಕರ’ ಎಂದು ಬರೆಯುವುದು ರೂಢಿ. ನನಗಿಂತ ಹಿಂದೆ ಊರ ಲೆಕ್ಕ ಬರೆಯುತ್ತಿದ್ದ ತಲಾಠಿ ಹನ್ನೊಂದು ವರ್ಷ ಅದನ್ನೇ ಬರೆದು, ಅದನ್ನೇ ಬರೆಯುತ್ತ ನಿವೃತ್ತನಾಗಿದ್ದ. ಕೊಟ್ಟಿಗೆಗೆ ಹೋಗಿ ದನ ನೋಡಿ ಬರೆಯಬೇಕೆಂದು ಅವನಿಗೂ ಯಾರೂ ಹೇಳಿರಲಿಲ್ಲ, ನನಗೂ ಹೇಳಲಿಲ್ಲ.

ಅದು ಐವತ್ನಾಲ್ಕನೆಯ ಇಸವಿ, ಇನ್ನೂ ಮುಂಬಯಿ ಸರಕಾರದ ಕಾಲ. ನಾನು ನರಗುಂದದವನು, ಇಪ್ಪತ್ನಾಲ್ಕರ ವಯಸ್ಸು. ಹೊಳೆಮಣ್ಣೂರಿನಿಂದ ಎರಡು ಹರದಾರಿ ಕೆಳಗೆ, ಮಲಪ್ರಭೆಯ ದಂಡೆಯ ಒಂದು ಸಣ್ಣ ಊರಿಗೆ ತಲಾಠಿಯಾಗಿ ಬಂದು ಎಂಟು ತಿಂಗಳಾಗಿತ್ತು. ಮೀಸೆ ಸರಿಯಾಗಿ ಬಂದಿರಲಿಲ್ಲ, ಆದರೂ ಅಪ್ಪನ ವಯಸ್ಸಿನವರು ನನ್ನನ್ನು ‘ಸಾಹೇಬ್ರ’ ಎನ್ನುತ್ತಿದ್ದರು. ಅದು ತಲೆಗೆ ಏರದೆ ಇರುತ್ತದೆಯೇ?

ಆ ವರ್ಷ ಮುಂಗಾರು ಚೆನ್ನಾಗಿಯೇ ನಡೆಸಿಕೊಟ್ಟಿತ್ತು. ಸಜ್ಜೆ ಆಳೆತ್ತರ ಬೆಳೆದು, ಮಹಾನವಮಿ ಮುಗಿಯುವ ಹೊತ್ತಿಗೆ ತೆನೆಗಳೆಲ್ಲ ಕಣ ಸೇರಿದ್ದವು. ಒಕ್ಕಣೆಯೊಂದು ಬಾಕಿ. ಆಗ ಚಿತ್ತಿ ಮಳೆ ಹುಟ್ಟಿತು. ನಮ್ಮ ಕಡೆ ಅದನ್ನು ಕುರುಡು ಚಿತ್ತಿ ಎನ್ನುತ್ತಾರೆ, ಎಲ್ಲಿ ಸುರಿಯುತ್ತದೆಂದು ಅದಕ್ಕೇ ಗೊತ್ತಿರುವುದಿಲ್ಲವಂತೆ. ದಿನಾ ಸಂಜೆ ಹೊಳೆಯ ಆಚೆ ಮೋಡ ಕಪ್ಪಾಗುತ್ತಿತ್ತು. ಕಣದಲ್ಲಿ ತೆನೆ ಒಮ್ಮೆ ನೆನೆಯಿತೆಂದರೆ ಮೂರೇ ದಿನಕ್ಕೆ ಮೊಳಕೆ. ಊರೆಲ್ಲ ತಲೆ ಎತ್ತಿಕೊಂಡೇ ಓಡಾಡುತ್ತಿತ್ತು.

ಒಕ್ಕಣೆಗೆ ಹಂತಿ ಕಟ್ಟುತ್ತಿದ್ದರು. ಎಂಟು ಮನೆಯವರ ಒಂದು ಮುಯ್ಯಿ, ಕೆಲಸಕ್ಕೆ ಕೆಲಸ ತೀರಿಸುವ ಕೂಟ. ಮನೆಗೊಂದರಂತೆ ಎಂಟು ಎತ್ತು ತಂದು, ಕೊರಳಿಗೆ ಕೊರಳು ಸೇರಿಸಿ ಒಂದೇ ಹಗ್ಗಕ್ಕೆ ಕಟ್ಟಿ, ಕಣದ ನಡುವೆ ನೆಟ್ಟ ಮೇಟಿಗಂಬದ ಸುತ್ತ ತೆನೆಯ ಮೇಲೆ ತಿರುಗಿಸುವುದು. ಒಬ್ಬರ ಕಾಳು ತೂರಿ ಮನೆ ಸೇರಿದ ಮೇಲೆ ಇನ್ನೊಬ್ಬರ ಕಣ. ಅದಕ್ಕೆ ಕಟ್ಟಳೆಗಳಿದ್ದವು. ಸೋಮವಾರ ಬಸವಣ್ಣನ ವಾರ, ಅಂದು ಹಂತಿಯಿಲ್ಲ. ದುಡಿಯುವ ಎತ್ತಿನ ಬಾಯಿ ಕಟ್ಟುವುದು ಪಾಪ, ಹಾಗಾಗಿ ಎಂಟೂ ಎತ್ತು ತುಳಿಯುತ್ತ ತುಳಿಯುತ್ತ ಅದೇ ತೆನೆಗೆ ಬಾಯಿ ಹಾಕುತ್ತಿದ್ದವು. ಮತ್ತೆ, ಯಾರ ಕಣವೋ ಅವರ ಎತ್ತೇ ಮೇಟಿಯ ಪಕ್ಕ ನಿಲ್ಲಬೇಕು. ಅದು ಇಲ್ಲದಿದ್ದರೆ ಉಳಿದ ಏಳು ಎತ್ತು ಬರುವುದಿಲ್ಲ.

ಆ ಎಂಟು ಮನೆಗಳಲ್ಲಿ ಫಕೀರವ್ವನದೂ ಒಂದು. ಗಂಡ ಹಾವು ಕಚ್ಚಿ ಸತ್ತು ನಾಲ್ಕು ವರ್ಷ, ಮಕ್ಕಳಿಲ್ಲ. ಕಪ್ಪು ಮಣ್ಣಿನ ಆರು ಎಕರೆ ಎರಿ ಹೊಲ, ಒಂದೇ ಎತ್ತು. ಎತ್ತಿನ ಹೆಸರು ಕೆಂದ. ಒಂದೇ ಎತ್ತಿನಿಂದ ಬೇಸಾಯ ಆಗುತ್ತದೆಯೇ? ಪಕ್ಕದ ಹೊಲದ ಮದರಸಾಬನಿಗೂ ಒಂದೇ ಎತ್ತಿತ್ತು, ಬಾದಶಾ. ಇಬ್ಬರೂ ಕೂಡೆತ್ತು ಮಾಡಿಕೊಂಡು, ಒಂದು ದಿನ ಅವಳ ಹೊಲ ಒಂದು ದಿನ ಅವನ ಹೊಲ ಎಂದು ಉಳುತ್ತಿದ್ದರು. ನಾಲ್ಕು ವರ್ಷದಲ್ಲಿ ಅವರಿಬ್ಬರ ನಡುವೆ ಒಂದು ಬಿರುಸು ಮಾತು ಕೇಳಿದವರಿಲ್ಲ.

ಶನಿವಾರ ಬೆಳಿಗ್ಗೆ ನಾನು ಚಾವಡಿಯಲ್ಲಿ ತಖ್ತೆ ಹರವಿಕೊಂಡು ಕುಳಿತಿದ್ದಾಗ ಫಕೀರವ್ವ ಬಂದು ಕಂಬ ಹಿಡಿದು ನಿಂತಳು.

“ಸಾಹೇಬ್ರ, ಒಂದೀಟ ಮನಿತನಕ ಬರ್ರಿ.”

ಹೋದೆ. ಕೊಟ್ಟಿಗೆಯಲ್ಲಿ ಕೆಂದ ತಲೆ ಇಳಿಬಿಟ್ಟು ನಿಂತಿತ್ತು. ಕಣ್ಣಿಂದ ನೀರು ಇಳಿದು ಮೋರೆಯ ಮೇಲೆ ಎರಡು ಗೆರೆ ಒಣಗಿದ್ದವು. ಫಕೀರವ್ವ ಅದರ ತುಟಿ ಎತ್ತಿ ತೋರಿಸಿದಳು. ಒಳಗೆ ತೌಡು ಉದುರಿಸಿದ ಹಾಗೆ ಬಿಳಿ ಬಿಳಿ.

“ಕಾಲುಬಾಯಿ ಇರಬೇಕ್ರಿ. ಉಪ್ಪು ತಿಕ್ಕೇನಿ,” ಎಂದಳು.

ಕಾಲುಬಾಯಿ ಬೇನೆಯಾದರೆ ಗೊರಸಿನ ಸಂದಿಯೂ ಹುಣ್ಣಾಗುತ್ತದೆ. ನಾನು ಬಗ್ಗಿ ಒಂದೊಂದೇ ಕಾಲು ಎತ್ತಿ ನೋಡಿದೆ. ನಾಲ್ಕೂ ಗೊರಸು ಸ್ವಚ್ಛವಾಗಿದ್ದವು. ಹಾಗಾದರೆ ಇದು ಕಾಲುಬಾಯಿ ಅಲ್ಲ. ನಾನು ಹತ್ತು ವರ್ಷದವನಿದ್ದಾಗ ನರಗುಂದದ ನಮ್ಮ ಹಟ್ಟಿಯಲ್ಲಿ ಏಳು ದನ ಹೀಗೇ ಕಣ್ಣೀರಿಳಿಸಿ, ಹೀಗೇ ತುಟಿಯೊಳಗೆ ಬೆಳ್ಳಗಾಗಿ, ಆಮೇಲೆ ರಕ್ತಭೇದಿ ಹತ್ತಿ ಹತ್ತು ದಿನದಲ್ಲಿ ಒಂದರ ಹಿಂದೊಂದು ಹೋಗಿದ್ದವು. ಇದು ದೊಡ್ಡ ಬೇನೆ.

“ಫಕೀರವ್ವ, ಇದು...”

“ಹೆಸರ ತಗೀಬ್ಯಾಡ್ರಿ,” ಎಂದು ತಡೆದಳು. ಕೊಟ್ಟಿಗೆಯಲ್ಲಿ ನಿಂತು ಆ ಬೇನೆಯ ಹೆಸರು ಹೇಳಿದರೆ ಅದು ಕರೆದಂತೆ ಎಂಬ ನಂಬಿಕೆ. ಅಂದರೆ ಅವಳಿಗೂ ಗೊತ್ತಿತ್ತು.

ಆಮೇಲೆ ಮೆಲ್ಲಗೆ ಹೇಳಿದಳು. “ಮಂಗಳವಾರ ಹಂತಿ ಸುರು, ಮೊದಲನೇ ಪಾಳಿ ನಂದೈತ್ರಿ. ನೀವು ಇವತ್ತ ಬರದ್ರ ನಾಳೆ ಡಂಗುರ ಹೊಡಸ್ತಾರ, ಯಾರ ಎತ್ತೂ ಹಟ್ಟಿ ದಾಟಂಗಿಲ್ಲ. ನನ್ನ ತೆನಿ ಕಣದಾಗ ಮೊಳಿತಾವ. ವರ್ಷದ ಕೂಳ್ರಿ ಅದು. ಮುಂದಿನ ವಾರ ಬರೀರಿ. ಒಂದ ವಾರ.”

“ಕೆಂದನ್ನ ಹಂತಿಗೆ ಕಟ್ತೀಯೇನು?”

“ಕಟ್ಟಲಿಲ್ಲಂದ್ರ ಯಾಕ ಅಂತ ಕೇಳ್ತಾರಲ್ರಿ.”

ನಾನು ಕರುಣೆಯಿಂದ ಒಪ್ಪಿದೆ ಎಂದು ಹೇಳಿಕೊಂಡರೆ ಚೆಂದ ಕೇಳಿಸುತ್ತದೆ. ಕರುಣೆಯೂ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಹಿರಿಯ ಹೆಂಗಸೊಬ್ಬಳು ಕೈಮುಗಿದು ನಿನ್ನ ಲೇಖನಿಯಲ್ಲಿ ನನ್ನ ಅನ್ನವಿದೆ ಎಂದಾಗ ಒಳಗೊಳಗೇ ಹಿಗ್ಗಾಗಿತ್ತು. ಬರೆದರೆ ಮೇಲಿನವರು ಬರುತ್ತಾರೆ, ನೂರು ಪ್ರಶ್ನೆ ಕೇಳುತ್ತಾರೆ, ಬಿಸಿಲಲ್ಲಿ ಮನೆಮನೆ ಸುತ್ತಿಸುತ್ತಾರೆ ಎಂಬ ಬೇಸರವೂ ಇತ್ತು. ಚಾವಡಿಗೆ ಬಂದು ಐದನೆಯ ಕಲಮಿನಲ್ಲಿ ಯಾವಾಗಲೂ ಬರೆಯುವುದನ್ನೇ ಬರೆದೆ. ಮಧ್ಯಾಹ್ನ ವಾಲೀಕಾರ ಅದನ್ನು ತೆಗೆದುಕೊಂಡು ರೋಣಕ್ಕೆ ಹೋದ.

ಸೋಮವಾರ ಮದರಸಾಬ ಚಾವಡಿಗೆ ಬಂದ. ಕಟ್ಟೆಯ ಮೇಲೆ ಕುಳಿತು ಮೋಡ ನೋಡಿದ, ಗಡ್ಡ ಕೆರೆದುಕೊಂಡ. ಅವನು ಸುಮ್ಮನೆ ಬಂದವನಲ್ಲ.

“ಸಾಹೇಬ್ರ, ಫಕೀರವ್ವನ ಎತ್ತು ಯಾಕೋ ಮಂಕ ಆಗೇತಿ. ಅಕೀನ ಕೇಳಿದ್ರ ಏನಿಲ್ಲಣ್ಣ ಅಂತಾಳ. ಮೊನ್ನೆ ನೀವು ಹೋಗಿ ನೋಡಿ ಬಂದೀರಂತ.”

“ಹೋಗಿದ್ದೆ.”

“ಕಾಗದದಾಗ ಏನ ಬರದೀರಿ?”

“ಸಮಾಧಾನ ಐತಿ ಅಂತ ಬರದೇನಿ.”

ಅವನು ದೊಡ್ಡ ಉಸಿರು ಬಿಟ್ಟ. “ಹಂಗಾರ ಆತು ಬಿಡ್ರಿ. ಸರಕಾರಕ್ಕ ಬರದೀರಿ ಅಂದಮ್ಯಾಗ ನೋಡೇ ಬರದಿರ್ತೀರಿ. ಬಾದಶಾನ್ನ ಅದರ ಬಾಜೂಕ ಕಟ್ತೇನಿ.”

ಆಗ ಬಾಯಿ ಬಿಡಬಹುದಿತ್ತು. ತಡವಾಗಿರಲಿಲ್ಲ. ಅವನು ಎದ್ದು ಹೋಗುವವರೆಗೂ ನಾನು ಲೇಖನಿಯ ಮುಳ್ಳು ಒರೆಸುತ್ತ ಕುಳಿತೆ.

ಮಂಗಳವಾರ ಹಂತಿ ಹೂಡಿದರು. ಮೇಟಿಯ ಪಕ್ಕ ಕೆಂದ, ಅದರ ಪಕ್ಕ ಬಾದಶಾ, ಆಚೆಗೆ ಗೋಣೆಪ್ಪನ ಎತ್ತು, ಮತ್ತೆ ಐದು. ಗೋಣೆಪ್ಪ ಆ ಮುಯ್ಯಿಯ ಹಿರಿಯ, ಎತ್ತುಗಳ ಹಿಂದೆ ನಡೆಯುತ್ತ ಹಂತಿಯ ಹಾಡು ಹೇಳುತ್ತಿದ್ದ, ಉಳಿದವರು ಸೊಲ್ಲು ಹಿಡಿಯುತ್ತಿದ್ದರು. ಕೆಂದನ ಹೆಜ್ಜೆ ಭಾರವಾಗಿತ್ತು, ಆದರೆ ಮೇಟಿಯ ಪಕ್ಕದ ಎತ್ತಿಗೆ ಸುತ್ತು ಸಣ್ಣದು, ಯಾರಿಗೂ ಸಂಶಯ ಬರಲಿಲ್ಲ. ಫಕೀರವ್ವ ಸೆರಗಿನಿಂದ ಅದರ ಬಾಯಿ ಒರೆಸುತ್ತ, ಬೆನ್ನು ಸವರುತ್ತ ಅದರ ಜೊತೆಗೇ ತಿರುಗಿದಳು. ಎಂಟೂ ಎತ್ತು ಒಂದೇ ತೆನೆಗೆ ಬಾಯಿ ಹಾಕಿದವು, ಮಧ್ಯಾಹ್ನ ಒಂದೇ ಕಲ್ಲಿನ ತೊಟ್ಟಿಯಲ್ಲಿ ನೀರು ಕುಡಿದವು. ಬುಧವಾರ ಗಾಳಿ ಚೆನ್ನಾಗಿ ಬೀಸಿತು, ತೂರಿದರು. ಗುರುವಾರ ಬೆಳಿಗ್ಗೆ ಸಜ್ಜೆ ಅವಳ ಮನೆ ಸೇರಿತು.

ಅದೇ ದಿನ ಮುಸ್ಸಂಜೆಗೆ ಚಿತ್ತಿ ಸುರಿಯಿತು. ಸುರಿದದ್ದು ಅಂತಿಂಥ ಮಳೆಯಲ್ಲ, ನಾಲ್ಕು ದಿನ ಹಿಡಿದುಕೊಂಡಿತು. ಹೊಳೆ ಏರಿ ಕೊಣ್ಣೂರಿನ ಕಡೆ ದಾರಿ ಮುಚ್ಚಿತೆಂದು ಸುದ್ದಿ ಬಂತು. ಶುಕ್ರವಾರ ಕೆಂದ ಸತ್ತಿತು. ಮಳೆಯಲ್ಲಿ ಚಳಿ ಬಡಿಯಿತು ಎಂದು ಫಕೀರವ್ವ ಹೇಳಿದಳು, ಜನ ಪಾಪ ಎಂದರು. ಮರುದಿನದ ತಖ್ತೆ ಮಳೆಯಿಂದಾಗಿ ಊರು ದಾಟಲಿಲ್ಲ. ಮುಂದಿನ ಮಂಗಳವಾರದ ಹೊತ್ತಿಗೆ ಬಾದಶಾ ಮೇವು ಬಿಟ್ಟಿತು. ಆಮೇಲೆ ಗೋಣೆಪ್ಪನದು, ಆಮೇಲೆ ಉಳಿದ ಐದು. ಅವು ಒಂಟಿಯಾಗಿ ಇರುವುದಿಲ್ಲವಲ್ಲ, ಮನೆಗೆ ಹೋಗಿ ಪಕ್ಕದ ಗೂಟದ ಎಮ್ಮೆಗೆ, ಆಕಳಿಗೆ, ಕರುವಿಗೆ ಹಚ್ಚಿದ್ದವು. ಆಗ ನಾನು ವಾರದ ತಖ್ತೆಗೆ ಕಾಯದೆ ಅರ್ಜಂಟು ಎಂದು ಬರೆದು ವಾಲೀಕಾರನನ್ನು ಓಡಿಸಿದೆ. ಕೆಸರಲ್ಲಿ ನಡೆದು ಅವನು ರೋಣ ಮುಟ್ಟಲು ಎರಡು ದಿನ ಹಿಡಿಯಿತು. ದನದ ಡಾಕ್ಟರು ಸೂಜಿ ಔಷಧ ತೆಗೆದುಕೊಂಡು ಬರಲು ಇನ್ನೂ ನಾಲ್ಕು ದಿನ.

ಅಷ್ಟರಲ್ಲಿ ಊರಲ್ಲಿ ಮೂವತ್ತಾರು ದನ ಸತ್ತಿದ್ದವು. ಹಂತಿಗೆ ಬಂದ ಎಂಟರಲ್ಲಿ ಒಂದೂ ಉಳಿಯಲಿಲ್ಲ. ಉಳಿದವರ ತೆನೆ ತುಳಿಯುವ ಎತ್ತಿಲ್ಲದೆ ಕಣದಲ್ಲೇ ನೆನೆದು, ದೂರದಿಂದ ನೋಡಿದರೆ ಸಸಿಮಡಿಯಂತೆ ಹಸಿರಾಯಿತು. ಮಳೆ ನಿಂತ ಮೇಲೆ ಎರಿ ಹೊಲ ಹಿಂಗಾರಿ ಜೋಳಕ್ಕೆ ಹದವಾಗಿ ನಿಂತಿತ್ತು. ಅಂಥ ಹದ ನಾನು ಮತ್ತೆ ನೋಡಲಿಲ್ಲ. ಬಿತ್ತಲು ಕೂರಿಗೆ ಇತ್ತು, ಬೀಜ ಇತ್ತು, ಕೂರಿಗೆ ಎಳೆಯುವವರಿರಲಿಲ್ಲ. ಹೆಂಗಸರು ಖಾಲಿ ಗೂಟದ ಮುಂದೆ ಕುಳಿತು ಸತ್ತ ದನದ ಹೆಸರು ಹಿಡಿದು ಅಳುತ್ತಿದ್ದರು. ಆ ಅಳು ನನಗೆ ಚಾವಡಿಯವರೆಗೂ ಕೇಳುತ್ತಿತ್ತು. ಕಿವಿ ಮುಚ್ಚಿಕೊಂಡರೂ ಕೇಳುತ್ತಿತ್ತು.

ಡಾಕ್ಟರು ಉಳಿದ ದನಗಳಿಗೆ ಚುಚ್ಚಿ ಮುಗಿಸಿ ಚಾವಡಿಯಲ್ಲಿ ಎಲ್ಲರನ್ನೂ ಕೂಡಿಸಿದರು. ಒಳ್ಳೆಯ ಮನುಷ್ಯ, ದಣಿದಿದ್ದರು.

“ಒಂದು ವಾರ ಮೊದಲು ತಿಳಿಸಿದ್ದರೆ ಬಹಳಷ್ಟು ಉಳಿಯುತ್ತಿದ್ದವು. ಮೊದಲು ಬಂದದ್ದು ಯಾರ ದನಕ್ಕೆ?” ಎಂದರು.

ಎಲ್ಲರ ಕಣ್ಣೂ ಫಕೀರವ್ವನ ಕಡೆ ಹೋಯಿತು. ಅವಳು ಗೋಡೆಗೆ ಆನಿಕೊಂಡು ನಿಂತಿದ್ದಳು.

“ನನ್ನ ಕೆಂದಗರಿ,” ಎಂದಳು. “ಹಂತಿಗಿಂತ ಮೊದಲ ಬಂದಿತ್ತು. ನನಗ ಗೊತ್ತಿತ್ತು.”

ಜನ ಒಮ್ಮೆಲೇ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಗೋಣೆಪ್ಪ ತಲೆಯ ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. “ಗೊತ್ತಿದ್ದೂ ಕಟ್ಟಿದಿ,” ಎಂದ. “ಊರಾಗ ನಿನ್ನೊಬ್ಬಾಕೀದ ಸಜ್ಜಿ ಮನಿ ಸೇರಿತು.”

ಮದರಸಾಬ ಅವಳ ಕಡೆ ನೋಡಲಿಲ್ಲ. ಎದ್ದು ನೇರ ನನ್ನ ಮೇಜಿನ ಮುಂದೆ ಬಂದು ನಿಂತ. ಆ ಹದಿನೈದು ದಿನದಲ್ಲಿ ಅವನ ಗಡ್ಡ ಇನ್ನಷ್ಟು ಬೆಳ್ಳಗಾಗಿತ್ತು.

“ಸಾಹೇಬ್ರ, ನಿಮ್ಮ ಮಾತಿನ ಮ್ಯಾಲೆ ನಾ ಬಾದಶಾನ್ನ ಕಟ್ಟಿದೆ. ಖರೇ ಹೇಳ್ರಿ. ನಿಮಗ ಗೊತ್ತಿತ್ತೇನು?”

ಚಾವಡಿ ತುಂಬ ಜನ. ಡಾಕ್ಟರು ಲೇಖನಿ ಹಿಡಿದು ಕಾಯುತ್ತಿದ್ದರು. ಫಕೀರವ್ವ ನನ್ನನ್ನೇ ನೋಡುತ್ತಿದ್ದಳು. ನನ್ನ ಕೈಯಲ್ಲಿ ಆ ನಾಲ್ಕು ಸ್ವಚ್ಛ ಗೊರಸುಗಳ ಸ್ಪರ್ಶ ಹಾಗೇ ಇತ್ತು.

“ಇಲ್ಲ,” ಎಂದೆ. “ಕಾಲುಬಾಯಿ, ಉಪ್ಪು ತಿಕ್ಕಿದ್ರ ಹೋಗತೈತಿ ಅಂತ ಹೇಳಿದ್ಲು. ನಾ ನಂಬಿದೆ.”

ಅವನು “ಹಂಗಾರ ನಿಮ್ಮದೇನ ತಪ್ಪ ಇಲ್ಬಿಡ್ರಿ,” ಎಂದು ಹೊರಗೆ ಹೋದ. ಹೋಗುವಾಗ ಫಕೀರವ್ವನ ಮುಂದೆ ನಿಂತು, “ತಂಗೀ, ನನಗಾರ ಹೇಳಬೇಕಿತ್ತು,” ಎಂದ. ಡಾಕ್ಟರು ನಾನು ಹೇಳಿದ್ದನ್ನೇ ಬರೆದುಕೊಂಡು, ರುಜು ಹಾಕಿಸಿಕೊಂಡು ಹೊರಟರು.

ಊರು ಅವಳನ್ನು ಬಯ್ಯಲಿಲ್ಲ, ಹೊಡೆಯಲಿಲ್ಲ. ಮುಯ್ಯಿಯಿಂದ ತೆಗೆದುಹಾಕಿತು, ಅಷ್ಟೇ. ಒಕ್ಕಲುತನ ಮಾಡುವವರಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಇಲ್ಲ. ಎತ್ತು ಕೊಡುವವರಿಲ್ಲ, ಕೊಯ್ಯಲು ಬರುವವರಿಲ್ಲ, ಬೆಂಕಿ ಕೇಳಿದರೆ ಕೆಂಡ ಕೊಡುವವರಿಲ್ಲ. ಅವಳು ಮನೆ ಬಾಗಿಲು ತೆರೆದಿಟ್ಟು, ಬೇಕಾದವರು ಸಜ್ಜೆ ಒಯ್ಯಿರಿ ಎಂದು ಎರಡು ದಿನ ಓಣಿ ಓಣಿ ತಿರುಗಿ ಹೇಳಿದಳು. ಮಕ್ಕಳಿಗೆ ಅಂಬಲಿ ಕಾಯಿಸಲು ಹಿಟ್ಟಿಲ್ಲದ ಮನೆಗಳಿದ್ದವು. ಆದರೂ ಆ ಕಣದ ಒಂದು ಕಾಳನ್ನು ಯಾರೂ ಮುಟ್ಟಲಿಲ್ಲ. ನಾನು ದಿನಾ ಬೆಳಿಗ್ಗೆ ಇವತ್ತು ಗೋಣೆಪ್ಪನ ಮನೆಗೆ ಹೋಗಿ ನಿಜ ಹೇಳುತ್ತೇನೆ ಎಂದು ಎದ್ದು, ಸ್ನಾನ ಮಾಡಿ, ಊಟ ಮಾಡಿ, ನಾಳೆ ಎನ್ನುತ್ತಿದ್ದೆ.

ದೀಪಾವಳಿ ಮುಗಿದ ಮರುವಾರ ಅವಳು ಊರು ಬಿಟ್ಟಳು. ಗಜೇಂದ್ರಗಡದಲ್ಲಿ ಅವಳ ಅಕ್ಕ ಮಾನವ್ವ ನೇಕಾರರ ಮನೆಯಲ್ಲಿ ನೂಲು ಸುತ್ತುತ್ತಿದ್ದಳಂತೆ. ಅಲ್ಲಿಗೆ ನಡೆದೇ ಹೊರಟಿದ್ದಳು, ತಲೆಯ ಮೇಲೊಂದು ಗಂಟು. ಸಜ್ಜೆ ಮನೆಯಲ್ಲೇ ಉಳಿಯಿತು, ಅದನ್ನು ಹೇರಲು ಊರಲ್ಲಿ ಗಾಡಿ ಹೂಡುವ ಎತ್ತಿರಲಿಲ್ಲ. ದಾರಿ ಚಾವಡಿಯ ಮುಂದೆಯೇ ಹಾಯುತ್ತಿತ್ತು. ಅವಳು ನಿಂತಳು. ಅತ್ತಿತ್ತ ನೋಡಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡಳು. ಬಯ್ಯುತ್ತಾಳೆ ಎಂದುಕೊಂಡೆ. ಬಯ್ಯಲಿ ಎಂದೂ ಅನಿಸಿತು.

“ಸಾಹೇಬ್ರ, ನಿಮ್ಮ ಹೆಸರ ನಾ ಯಾರ ಮುಂದೂ ತಗದಿಲ್ಲ,” ಎಂದಳು. “ಇನ್ನ ಮ್ಯಾಲೂ ತಗ್ಯಾಂಗಿಲ್ಲ. ಸಣ್ಣ ವಯಸ್ಸು, ನೌಕರಿ ಐತಿ. ಹೆದರಬ್ಯಾಡ್ರಿ.”

ಅಷ್ಟು ಹೇಳಿ, ಗಂಟು ಸರಿಮಾಡಿಕೊಂಡು ಹೋದಳು. ಆ ಮಾತು ಕೇಳಿದಾಗ ನನಗೆ ಅಳು ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. ಹದಿನೈದು ದಿನದಿಂದ ನಿದ್ದೆಯಿಲ್ಲದ ನನಗೆ ಎದೆ ಹಗುರಾಯಿತು, ಹಸಿವಾಯಿತು. ಒಳಗೆ ಹೋಗಿ ಹೊಟ್ಟೆ ತುಂಬ ಉಂಡೆ.