ಗುಂಡ ಅಡಗಿದ್ದ ಜಾಗ

ಎಲ್ಲೋ ಕೀಂ ಕೀಂ ಅಂದಿತು, ಹಕ್ಕಿಯೋ ಯಾರದೋ ಮೊಬೈಲೋ, ಇರಲಿ, ಕಿವಿಯ ಹಿಂದಿನ ಈ ಬಿಳಿ ಕೂದಲು ಎಷ್ಟು ಬಳಿದರೂ ಬಣ್ಣ ಹಿಡಿಯುವುದೇ ಇಲ್ಲ, ಟೀಚರು ಕತ್ತು ಬೇರೆ ಅಲ್ಲಾಡಿಸುತ್ತಾರೆ, ಸರ್ವೀಸಿಡೀ ಮಕ್ಕಳಿಗೆ ಸುಮ್ಮನೆ ಕೂತ್ಕೊಳ್ಳಿ ಅಂದವರು — ಅಲ್ಲಾಡಬೇಡಿ ಟೀಚರ್, ಹಣೆಗೆ ಹತ್ತುತ್ತೆ — ಹತ್ತಲಿ ಬಿಡಮ್ಮ, ಈ ವಯಸ್ಸಲ್ಲಿ ನನ್ನ ಹಣೆ ಯಾರು ನೋಡ್ತಾರೆ — ನಕ್ಕೆ, ಬ್ರಷ್ ಅದ್ದಿದೆ, ಕಿಟಕಿಯಾಚೆ ಅಂಗಳ ಕಾದ ಕಾವಲಿಯಂತೆ ಹೊಳೆಯುತ್ತಿದೆ, ನಾಲ್ಕು ದಾಟಿದರೂ ಈ ಬಿಸಿಲಿಗೆ ಮನೆಗೆ ಹೋಗುವ ಮನಸ್ಸಿಲ್ಲ, ನನ್ನ ಮಗಳು ಗೋಡೆಗೆ ಮುಖ ಒತ್ತಿ ಎಣಿಸಿದ್ದು ಆಗಲೇ ಕೇಳಿತ್ತು, ಕಣ್ಣಾಮುಚ್ಚಾಲೆ, ಅಂದರೆ ಗುಂಡ ಎಲ್ಲೋ ಅಡಗಿದ್ದಾನೆ, ಎಲ್ಲಿ ಅಂತ ನೋಡಲಿಲ್ಲ, ಕೈತುಂಬ ಕಪ್ಪು ಬಣ್ಣ. ಗುಂಡ ಅಕ್ಕನ ಮಗ, ಈಗಷ್ಟೇ ಐದು ತುಂಬಿದೆ, ಕೆನ್ನೆ ಮಾತ್ರ ಇಬ್ಬರಿಗಾಗುವಷ್ಟು. ರಜೆಗೆಂದು ತಂದು ಬಿಟ್ಟಾಗ ಅವನ ಬ್ಯಾಗಿಗಿಂತ ಅಕ್ಕನ ಬುದ್ಧಿಮಾತೇ ಭಾರವಾಗಿತ್ತು, ಉರಿಬಿಸಿಲಲ್ಲಿ ಹೊರಗೆ ಬಿಡಬೇಡ ಕಣೇ, ಸಂಜೆ ಬಿಟ್ಟರೂ ಟೋಪಿ ಹಾಕು, ಕೇಳದಿದ್ರೂ ನೀರು ಕುಡಿಸು, ಸಂಪಿನ ಮುಚ್ಚಳ ನೋಡ್ಕೋ, ಗೇಟು ನೋಡ್ಕೋ — ನಾನೂ ಒಂದನ್ನ ಹೆತ್ತಿದ್ದೀನಿ ಅಕ್ಕ, ಸಾಕು ಮಾಡು ನಿನ್ನ ಪುರಾಣ. ಆದರೂ ಎಲ್ಲ ಮಾಡಿದೆ, ಟೋಪಿ ಇದೆ, ನೀರು ಕುಡಿದಿದ್ದಾನೆ, ಸಂಪಿನ ಮೇಲೆ ನಾನೇ ಎರಡೂ ಕೈಯಲ್ಲಿ ಎತ್ತಬೇಕಾದ ಕಲ್ಲು, ಗೇಟಿಗೆ ಮೇಲಿನ ಚಿಲಕ, ಮುಂದಿನ ಕೋಣೆಯನ್ನೇ ಪಾರ್ಲರ್ ಮಾಡಿಕೊಂಡವಳಿಗೆ ಇದೊಂದು ಅನುಕೂಲ, ಕತ್ತರಿ ಕೈಯಲ್ಲಿದ್ದರೂ ಕಣ್ಣು ಅಂಗಳದಲ್ಲಿ. ಅಮ್ಮಾ, ಗುಂಡ ಸಿಗ್ತಿಲ್ಲ, ಕಿಟಕಿಯಲ್ಲಿ ಮಗಳ ಮುಖ. ಹುಡುಕು ಹೋಗೇ, ನಾನು ಹುಡುಕಿಕೊಟ್ರೆ ಅದು ಆಟನಾ. ಟೀಚರ ನೆತ್ತಿಯ ಮೇಲೆ ಇನ್ನೊಂದು ಗೆರೆ ಬಿಡಿಸಿ ಬಳಿದೆ, ಪ್ಲಾಸ್ಟಿಕ್ ಹಾಳೆ ಸುತ್ತಿದೆ, ಅವರು ಯಾರದೋ ಮನೆ ಜಗಳದ ಕಥೆ ಹೇಳುತ್ತಿದ್ದಾರೆ, ಚೆನ್ನಾಗಿದೆ ಕಥೆ, ಹೌದಾ ಟೀಚರ್, ಆಮೇಲೆ — ಅಮ್ಮಾ, ಸೋತೆ ಅಂತ ಕೂಗಿದ್ರೂ ಬರ್ತಿಲ್ಲ, ಮತ್ತೆ ಮಗಳು, ಈ ಸಲ ದನಿ ತೆಳ್ಳಗಾಗಿದೆ.

ಸೋತೆ ಅಂದರೆ ಕುಣಿದುಕೊಂಡು ಬರಬೇಕಾದ ಹುಡುಗ. ಹೊರಗೆ ಬಂದೆ, ಗ್ಲೌಸ್ ಕೈಯಲ್ಲೇ, ಗುಂಡಾ, ಆಟ ಮುಗೀತು ಬಾರೋ, ಜೋರಾಗಿಯೇ ಕೂಗಿದೆ, ಕೋಪ ಬಂದವಳ ಹಾಗೆ, ಕೋಪವಲ್ಲ ಅದು, ಗೇಟಿನ ಚಿಲಕ ಇದ್ದಲ್ಲೇ ಇದೆ, ಒಳ್ಳೆಯದು, ಮೆಟ್ಟಿಲ ಕೆಳಗೆ ಇಲ್ಲ, ಗಿಡದ ಕುಂಡಗಳ ಹಿಂದೆ ಇಲ್ಲ, ಅಲ್ಲಿ ಟೋಪಿ ಬಿದ್ದಿದೆ, ಟೋಪಿ ಮಾತ್ರ, ತಾರಸಿಯ ಬಾಗಿಲಿಗೆ ಬೀಗ, ಬಚ್ಚಲಲ್ಲಿ ಇಲ್ಲ, ಸಂಪಿನ ಕಲ್ಲು ಅಲ್ಲಾಡಿಲ್ಲ, ಅಲ್ಲಾಡಿಲ್ಲ ಅಂತ ಕಣ್ಣಿಗೆ ಕಾಣುತ್ತಿದೆ, ಆದರೂ ಕೈ ಕೇಳಬೇಕಲ್ಲ, ಕಲ್ಲು ಸರಿಸಿ ಮುಚ್ಚಳ ಎತ್ತಿದೆ, ಕಪ್ಪು ನೀರು, ಅದರಲ್ಲಿ ನನ್ನದೇ ತಲೆ, ಗುಂಡಾ ಅಂದರೆ ಗುಂಡಾ ಅಂತ ಅದೂ ಕೂಗುತ್ತದೆ, ಭುಜದವರೆಗೆ ಕೈ ಇಳಿಸಿ ತಡಕಿದೆ, ನೀರೊಂದೇ, ದೇವರೇ ನೀರೊಂದೇ ಇರಲಿ. ಮಗಳು ಅಳುತ್ತಿದ್ದಾಳೆ, ಅಳಬೇಡ, ಎಲ್ಲಿಗೆ ಓಡಿದ ಹೇಳು — ಗೊತ್ತಿಲ್ಲ ಅಮ್ಮ, ಕಣ್ಣು ಮುಚ್ಚಿದ್ನಲ್ಲ. ರಸ್ತೆಯಲ್ಲಿ ಲಾರಿಯೊಂದು ಧಡಧಡ ಹೋಯಿತು, ನನ್ನ ಕರುಳು ಅದರ ಹಿಂದೆಯೇ ಓಡಿತು, ಇಲ್ಲ, ಚಿಲಕ ಹಾಕಿದೆ, ಅವನಿಗೆ ಎಟುಕುವುದಿಲ್ಲ, ಅಂಗಳದಲ್ಲೇ ಇರಬೇಕು, ಅಂಗಳದಲ್ಲಿ ಇನ್ನೇನಿದೆ, ಮಹಡಿ ಮನೆಯ ಡ್ರೈವರಣ್ಣನ ಕಾರು, ಅದನ್ನು ಎಷ್ಟು ಸಲ ಸುತ್ತಿ ಬಂದೆ, ಒಳಗೆ ಸಣ್ಣ ಕೆಂಪು ದೀಪ ಮಿಣಮಿಣ, ಬೀಗ ಬಿದ್ದಿದೆ, ಬೀಗ ಬಿದ್ದ ಕಾರಿನೊಳಗೆ ಮಗು ಹೇಗೆ — ಕೀಂ ಕೀಂ. ಹಕ್ಕಿಯಲ್ಲ. ಮೊಬೈಲಲ್ಲ. ಆಗ ಕೇಳಿದ್ದು ಬಾಲ್ಕನಿಯಲ್ಲಿ ನಿಂತೇ ಅವರು ರಿಮೋಟಿನಲ್ಲಿ ಬೀಗ ಹಾಕುವ ಸದ್ದು. ಮಧ್ಯಾಹ್ನ ಕಾರು ತೊಳೆದು ಒಣಗಲಿ ಅಂತ ಬಾಗಿಲು ತೆರೆದಿಟ್ಟಿದ್ದರು, ನಾನೇ ನೋಡಿದ್ದೆ, ತೆರೆದ ಬಾಗಿಲನ್ನು ಮುಚ್ಚಿಕೊಂಡವರು ಯಾರು.

ಗಾಜು ಕೆನ್ನೆಯನ್ನು ಸುಟ್ಟಿತು. ಎರಡೂ ಅಂಗೈ ಕಣ್ಣಿಗೆ ಅಡ್ಡ ಇಟ್ಟು ನೋಡಿದೆ, ಮುಂದಿನ ಸೀಟು ಖಾಲಿ, ಹಿಂದಿನ ಸೀಟು ಖಾಲಿ, ಅದರ ಕೆಳಗೆ, ಕಾಲಿಡುವ ಜಾಗದಲ್ಲಿ, ಬೆಕ್ಕಿನ ಮರಿಯಂತೆ ಮುದುಡಿ ಗುಂಡ, ಕೂದಲು ಹಣೆಗೆ ಅಂಟಿದೆ, ಮುಖ ಕೆಂಡ, ಕಣ್ಣು ಅರೆ ತೆರೆದಿದೆ, ನನ್ನನ್ನು ನೋಡಿದ, ನೋಡಿ, ನಿಧಾನವಾಗಿ ಕೈ ಎತ್ತಿ, ತುಟಿಯ ಮೇಲೆ ಬೆರಳಿಟ್ಟ. ಶ್. ಆಮೇಲೆ ಆ ಕೈ ತಾನಾಗಿ ಜಾರಿ ಬಿತ್ತು, ಕಣ್ಣು ಮೇಲಕ್ಕೆ ಹೋಯಿತು. ಡ್ರೈವರಣ್ಣಾ ಕೀ, ಕೀ ಎಸೀರಿ, ನನ್ನ ಗಂಟಲೇ ಇದು, ಮಗಳು ಮೆಟ್ಟಿಲು ಹತ್ತಿ ಬಾಗಿಲು ಬಡಿಯುತ್ತಿದ್ದಾಳೆ, ರಾತ್ರಿ ಪಾಳಿಗೆಂದು ಮಲಗಿದವರು ಏಳಬೇಕು, ಶರ್ಟು ಹುಡುಕಬೇಕು, ಕೀ ಹುಡುಕಬೇಕು, ಕಾಯಲಿಲ್ಲ, ಸಂಪಿನ ಕಲ್ಲು ಎತ್ತಿಕೊಂಡು ಬಂದೆ, ಹಿಂದಿನ ಗಾಜಿಗೆ ಎತ್ತಿದೆ — ಅದಲ್ಲ, ಮುಂದಿನದು ಹೊಡಿ, ಮಗು ಹಿಂದಿದೆ, ಟೀಚರು, ತಲೆಗೆ ಪ್ಲಾಸ್ಟಿಕ್ ಸುತ್ತಿಕೊಂಡು ಬರಿಗಾಲಲ್ಲಿ ಓಡಿ ಬಂದ ಟೀಚರು, ಕ್ಲಾಸಿನಲ್ಲಿ ಗದರಿಸುವ ದನಿ, ಮುಂದಿನದಕ್ಕೆ ಹೊಡೆದೆ, ಕಲ್ಲು ಪುಟಿಯಿತು, ಮತ್ತೆ ಹೊಡೆದೆ, ಗಾಜು ಸಕ್ಕರೆಯ ಹಾಗೆ ಸುರಿಯಿತು, ಕಾರು ಕಿರುಚತೊಡಗಿತು, ಒಳಗಿನ ಗಾಳಿ ಮುಖಕ್ಕೆ ರಾಚಿತು, ಬೀಗ ಎತ್ತಿ ಹಿಂದಿನ ಬಾಗಿಲು ಎಳೆದು ಅವನನ್ನು ಬಾಚಿಕೊಂಡೆ, ಜ್ವರದ ಬಿಸಿಯಲ್ಲ ಅದು, ಒಲೆ ಮೇಲಿಂದ ಇಳಿಸಿದ ಪಾತ್ರೆಯ ಬಿಸಿ, ಬೆನ್ನು ಕಪ್ಪಗಾಗಿದೆ, ಟೀಚರ್ ಬೆನ್ನು ನೋಡಿ ಕಪ್ಪಗಾಗಿದೆ — ನಿನ್ನ ಕೈ ಬಣ್ಣ ಕಣೇ ಅದು, ಬಟ್ಟೆ ಬಿಚ್ಚು, ನೆರಳಿಗೆ ತಾ, ತಲೆ ಮೇಲೆ ನೀರು ಹಾಕು. ನಲ್ಲಿಯಲ್ಲಿ ಮೊದಲು ಬಿಸಿನೀರೇ ಬಂತು, ಹಾಳು ನಲ್ಲಿ, ಆಮೇಲೆ ತಣ್ಣಗೆ, ಕತ್ತಿಗೆ, ಕಂಕುಳಿಗೆ, ಎದೆಗೆ, ಗುಂಡಾ, ಕಂದಾ, ಕಣ್ಣು ಬಿಡೋ, ಎಷ್ಟೋ ಹೊತ್ತು ಬಿಡಲಿಲ್ಲ, ಆಮೇಲೆ ಕೆಮ್ಮಿದ, ವಾಂತಿ ಮಾಡಿಕೊಂಡ, ಅತ್ತ, ಆ ಅಳು — ಅದಕ್ಕಿಂತ ಚೆಂದದ ಸದ್ದು ನಾನು ಕೇಳಿಲ್ಲ.

ಗಾಜಿಲ್ಲದ ಅದೇ ಕಾರಿನಲ್ಲಿ ಡ್ರೈವರಣ್ಣ ನಮ್ಮನ್ನು ಆಸ್ಪತ್ರೆಗೆ ಹಾರಿಸಿಕೊಂಡು ಬಂದರು, ದಾರಿಯುದ್ದಕ್ಕೂ ಒಂದೇ ಮಾತು, ಬಾಗಿಲು ಮುಚ್ಚಿತ್ತಲ್ಲಮ್ಮ, ನನ್ನ ಹೆಂಡತಿ ಮುಚ್ಚಿದಳು ಅಂದ್ಕೊಂಡೆ, ಒಳಗೆ ಇಣುಕಿ ನೋಡ್ಲಿಲ್ಲವಲ್ಲಮ್ಮ. ನಾನೂ ನೋಡಲಿಲ್ಲವಲ್ಲ. ಡಾಕ್ಟರು ಕಣ್ಣು ಬಿಡಿಸಿ ನೋಡಿದರು, ಕೈಗೆ ಡ್ರಿಪ್ ಹಾಕಿದರು, ಅಪಾಯ ಇಲ್ಲ, ಇವತ್ತು ಇಲ್ಲೇ ಇರ್ಲಿ, ಇನ್ನೊಂದು ಸ್ವಲ್ಪ ಹೊತ್ತು ಆಗಿದ್ರೆ, ಅಂದವರು ಪಕ್ಕದ ಮಂಚಕ್ಕೆ ಹೋದರು. ಗುಂಡ ಕಣ್ಣು ಬಿಟ್ಟು ಕೇಳಿದ್ದು ಅಮ್ಮನನ್ನಲ್ಲ, ನೀರನ್ನಲ್ಲ, ಚಿಕ್ಕಮ್ಮ, ನಾನೇ ಗೆದ್ದೆ ಅಲ್ವಾ — ಹೌದು ಕಂದಾ, ನೀನೇ ಗೆದ್ದೆ, ಸೋತೆ ಅಂತ ಕೂಗಿದ್ರೂ ಕೇಳಿಸ್ಲಿಲ್ವಾ — ಕೇಳಿಸ್ತು, ಅದು ಸುಳ್ಳು ಸೋತೆ, ನಿನ್ನೆಯೂ ಹಾಗೇ ಅಂದು ಔಟ್ ಮಾಡಿದ್ಲು. ಈಗ ನಿದ್ದೆ ಮಾಡುತ್ತಿದ್ದಾನೆ, ಎದೆ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುವವರೆಗೆ ನನ್ನದು ನಿಂತಿರುತ್ತದೆ. ಮಗಳು ನನ್ನ ತೊಡೆಗೆ ಒರಗಿದ್ದಾಳೆ, ಇನ್ಮೇಲೆ ಸುಳ್ಳು ಹೇಳಲ್ಲ ಅಮ್ಮ ಅಂತ ಬಿಕ್ಕುತ್ತಾಳೆ, ನಿನ್ನ ತಪ್ಪಲ್ಲ ಕಣೇ ಅಂದೆ, ಇವಳಿಗಾದರೂ ಅಷ್ಟು ಹೇಳಬಹುದು. ಅಕ್ಕ ಬಸ್ಸಿನಲ್ಲಿದ್ದಾಳೆ, ಬರುತ್ತಿದ್ದಾಳೆ, ಬಾಗಿಲು ತಳ್ಳಿಕೊಂಡು ಬಂದು ಏನಾಯ್ತೇ ಅನ್ನುತ್ತಾಳೆ, ನಾನು ಹೇಳಬೇಕು, ಅಕ್ಕ, ಟೋಪಿ ಹಾಕಿದ್ದೆ, ನೀರು ಕುಡಿಸಿದ್ದೆ, ನಾಲ್ಕು ದಾಟಿದ ಮೇಲೇ ಬಿಟ್ಟಿದ್ದು, ಆಮೇಲೆ ಹುಡುಕಿದೆ, ಕಾರಿನ ಹತ್ತಿರ ಹೋದೆ, ಗಾಜಿಗೆ ಮುಖ ಇಟ್ಟು ನೋಡಿದರೆ — ಇಲ್ಲ, ಮೊದಲಿಂದ, ಅಕ್ಕ, ಮಕ್ಕಳು ಆಡ್ತಿದ್ರು, ನಾನು ಒಳಗಿದ್ದೆ, ಮಗಳು ಬಂದು ಕರೆದಳು, ಗಾಜಿನೊಳಗೆ — ಅಕ್ಕ, ಅವನು ಚೆನ್ನಾಗಿದ್ದಾನೆ, ಮೊದಲು ಅದನ್ನೇ ಹೇಳಬೇಕು, ಚೆನ್ನಾಗಿದ್ದಾನೆ, ನೋಡು, ಉಸಿರಾಡ್ತಿದ್ದಾನೆ, ಆದರೆ ಅಕ್ಕ, ಗಾಜಿನೊಳಗೆ, ಅಷ್ಟು ಬಿಸಿಯಲ್ಲಿ, ಕೆಂಪು ಮುಖ, ನನ್ನನ್ನೇ ನೋಡುತ್ತ, ತುಟಿಯ ಮೇಲೆ ಬೆರಳು —