ಕಾಜಮ್ಮನ ಗುರುವಾರಗಳು

ಮೂರನೇ ಮಹಡಿಯಿಂದ ಕಾಜಮ್ಮನ ಹೆಣ ಇಳಿಸುತ್ತಿದ್ದವರು ಮೊದಲ ತಿರುವಿನಲ್ಲೇ ಸಿಕ್ಕಿಕೊಂಡರು. ಮೆಟ್ಟಿಲು ಇಕ್ಕಟ್ಟು. ಇನ್ನೊಂದು ಹೆಗಲು ಬೇಕು ಎಂದ ಸೋದರಮಾವ ಮೇಲಿನ ಮನೆಯತ್ತ ನೋಡಿದ.

ಮಗಳು ಮತ್ತೆ ಮೇಲೆ ಹತ್ತಿದಳು. ಯುದ್ಧದಿಂದ ಮರಳಿದ ಅವಳ ತಮ್ಮ ಏಳು ವರ್ಷಗಳಿಂದ ಮನೆಯ ಹೊಸ್ತಿಲು ದಾಟಿರಲಿಲ್ಲ. ಅವನ ಕೋಣೆಯ ಬಾಗಿಲು ತಟ್ಟಿದಳು.

"ಅಮ್ಮನ್ನ ಕರ್ಕೊಂಡು ಹೊರಟಿದೀವಿ ಕಣೋ. ಬರ್ತೀಯಾ?"

ಚಿಲಕ ಅಲುಗಲಿಲ್ಲ.

ಅಷ್ಟರಲ್ಲಿ ಕೆಳಗಿನಿಂದ ಹೆಜ್ಜೆಗಳ ಸದ್ದು. ಗುರುತಿಲ್ಲದ ಒಂಬತ್ತು ಮಂದಿ, ಗಂಡಸರು ಹೆಂಗಸರು, ಹೆಣಕ್ಕೆ ಕೈ ಮುಗಿದು ಗೋಡೆಗೆ ಒತ್ತಿಕೊಂಡು ಹತ್ತಿ ಬಂದರು. ಮುಂದಿದ್ದವನು ಸೇನೆಯಲ್ಲಿ ಟ್ರಕ್ ಓಡಿಸುತ್ತಿದ್ದವನಂತೆ. ಅವನು ಕೇಳಿದ್ದು ಒಂದೇ: ಕಾಜಮ್ಮನ ಮಗನ ಕೋಣೆ ಯಾವುದು?

*

ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಗುಂಡಿ ತೂರುವ ಕಾಜ ಹೊಲಿದವಳು ಅವಳು. ಅದಕ್ಕೇ ಆ ಹೆಸರು. ಸೈನಿಕರೂ ಅವರ ಮನೆಯವರೂ ವಾರಕ್ಕೊಮ್ಮೆ ಸುತ್ತ ಕೂತು ಮಾತಾಡುವ ಗುಂಪಿಗೆ ಮಗನನ್ನು ಕಳಿಸಿ ಎಂದು ಸೇನಾ ಆಸ್ಪತ್ರೆಯ ವೈದ್ಯೆ ಹೇಳಿದ್ದರು. ಮಗ ಒಲ್ಲೆ ಎಂದ. ಕಾಜಮ್ಮ ತಾನೇ ಹೊರಟಳು. ಆರು ವರ್ಷ ಒಂದು ಗುರುವಾರವೂ ತಪ್ಪಿಸಲಿಲ್ಲ.

ಮಗಳಿಗೆ ಅದು ಹಿಡಿಸಲಿಲ್ಲ. ಇವನು ಒಳಗೆ ಕೊಳೆಯುತ್ತಿರುವಾಗ ಊರವರ ಗೋಳು ಕೇಳಲು ಹೋಗುತ್ತೀಯಲ್ಲ ಎಂದು ಬೈದಿದ್ದಳು.

"ಅವನು ಹೋಗಲ್ಲ ಅಂದ. ಮನೆಯಿಂದ ಒಬ್ರಾದ್ರೂ ಹೋಗ್ಬೇಕಲ್ಲಮ್ಮ," ಎಂದಿದ್ದಳು ತಾಯಿ.

ಹಿಂತಿರುಗಿದ ಮೇಲೆ ಆ ಮುಚ್ಚಿದ ಬಾಗಿಲಿಗೆ ಒರಗಿ ಕೂತು ಏನೋ ಹೇಳುತ್ತಿದ್ದಳು. ಅಮ್ಮನಿಗೆ ಅರಳುಮರಳು ಎಂದುಕೊಂಡಿದ್ದಳು ಮಗಳು.

*

ಈಗ ಟ್ರಕ್ಕಿನವನು ಅದೇ ಬಾಗಿಲ ಮುಂದೆ ನಿಂತು ಮಗಳಿಗೆ ಎಲ್ಲ ಬಿಡಿಸಿ ಹೇಳಿದ. ಗುಂಪಿನ ಮಾತು ಹೊರಗೆ ಹೋಗಕೂಡದೆಂಬುದು ನಿಯಮ. ಕಾಜಮ್ಮ ಮೊದಲ ವರ್ಷ ಬಾಯಿ ಬಿಟ್ಟಿರಲಿಲ್ಲ. ಆಮೇಲೊಂದು ದಿನ ಎದ್ದು, ನಿಮ್ಮ ಮಾತು ನನ್ನ ಮಗನಿಗೆ ಹೇಳಲೇ ಎಂದು ಒಬ್ಬೊಬ್ಬರನ್ನೇ ಕೇಳಿದಳಂತೆ. ಎಲ್ಲರೂ ಒಪ್ಪಿದರು. ಮುಂದಿನ ವಾರಗಳಲ್ಲಿ ಅವಳು ಮಗನ ಉತ್ತರ ತರತೊಡಗಿದಳು.

"ನಂಗೆ ಎರಡು ವರ್ಷದಿಂದ ನಿದ್ದೆ ಇರ್ಲಿಲ್ಲ," ಎಂದ ಅವನು. "ಬೆನ್ನು ಗೋಡೆಗೆ, ಕಣ್ಣು ಬಾಗಿಲಿಗೆ ಇರೋ ಹಾಗೆ ಮಂಚ ತಿರುಗಿಸು ಅಂತ ಇವನು ಹೇಳಿ ಕಳಿಸ್ದ. ಮಲಗ್ದೆ."

ಹಿಂದಿದ್ದ ಸೇನೆಯ ದಾದಿ ಮೆಲ್ಲನೆ ಮಾತು ಸೇರಿಸಿದಳು. ಯುದ್ಧದಿಂದ ಬಂದ ಮೇಲೆ ಅವಳಿಗೆ ಸ್ವಂತ ಮಗಳನ್ನು ಮುಟ್ಟಲೂ ಆಗುತ್ತಿರಲಿಲ್ಲ. "ಜಡೆ ಹಾಕೋದ್ರಿಂದ ಶುರು ಮಾಡಿ, ಹಿಂದೆ ಕೂತ್ರೆ ಮುಖ ನೋಡೋ ಕಷ್ಟ ಇರಲ್ಲ ಅಂದಿದ್ರು ನಿಮ್ಮ ತಮ್ಮ."

ಅಕ್ಕ ಬಂದವರನ್ನು ಒಬ್ಬೊಬ್ಬರಾಗಿ ನೋಡಿದಳು. ಸತ್ತಂತೆಯೇ ಎಂದು ತಾನು ಕೈಬಿಟ್ಟಿದ್ದ ತಮ್ಮ ಈ ಒಂಬತ್ತು ಮನೆಗಳಲ್ಲಿ ಬದುಕಿದ್ದ. ಓದು ಬರಹ ಬಾರದ ಅಮ್ಮ ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ, ಒಂದಕ್ಷರ ಚೆಲ್ಲದೆ ಹೊತ್ತು ನಡೆದಿದ್ದಳು.

ಟ್ರಕ್ಕಿನವನು ಬಾಗಿಲಿಗೆ ಬಾಯಿ ಹತ್ತಿರ ತಂದ.

"ನಾನಪ್ಪ. ಮಂಚದವನು. ಅವಸರ ಏನಿಲ್ಲ, ಕಾಯ್ತೀವಿ."

ಒಳಗಿನಿಂದ ದನಿ ಬಂತು. "ದಾದಿಯಮ್ಮನೂ ಬಂದಿದಾರಾ?"

"ಬಂದಿದೀನಿ."

ಚಿಲಕ ಸರಿಯಿತು.

ಅವನು ಯಾರ ಮುಖವನ್ನೂ ನೋಡದೆ ಇಳಿದು, ತಿರುವಿನಲ್ಲಿ ತಾಯಿಯ ತಲೆಯ ಕಡೆಗೆ ಹೆಗಲು ಕೊಟ್ಟ. ಬೀದಿಯ ಬೆಳಕು ತಗುಲಿದ ಕೂಡಲೇ ಕಾಲು ಕಿತ್ತಿಡಲಾಗದೆ ನಿಂತುಬಿಟ್ಟ. ಎಲ್ಲರೂ ನಿಂತರು. ಎದುರಿಗೆ ಬಂದ ಬಸ್ಸಿನ ಚಾಲಕ ಇಂಜಿನ್ ಆರಿಸಿದ. ಅಕ್ಕ ತಲೆ ತಗ್ಗಿಸಿದಾಗ ತಮ್ಮನ ಬರಿಗಾಲು ಕಂಡಿತು. ಬಿಸಿಲು, ಮಣ್ಣು ಕಾಣದೆ ಬೆಳ್ಳಗೆ, ಹಸುಗೂಸಿನ ಪಾದದಷ್ಟು ಮೆತ್ತಗಿತ್ತು. ಅದು ಮೆಲ್ಲನೆ ಎದ್ದು, ಕಾದ ಡಾಂಬರಿನ ಮೇಲೆ ಊರಿತು.